ಹಿನಕಲ್ ವೃತ್ತದ ಗುಲಾಬಿ ಸೀರೆ

ರಾಮಕೃಷ್ಣನಗರ, ಮೈಸೂರು
೬ ಸೆಪ್ಟೆಂಬರ್ ೨೦೨೪

ಮಗಳೇ ನಯನಾ,

ಇವತ್ತು ಗೌರಿ ಹಬ್ಬ. ಬೀದಿಯ ತುಂಬ ಮೊರದ ಬಾಗಿನ ಹಿಡಿದವರ ಓಡಾಟ. ನಾನು ಬಾಗಿಲು ಹಾಕಿಕೊಂಡು ನಿನಗೆ ಬರೆಯಲು ಕುಳಿತಿದ್ದೇನೆ. ಹೈಸ್ಕೂಲಿನಲ್ಲಿ ಪತ್ರಲೇಖನ ಕಲಿಸುವಾಗ ಹೇಳುತ್ತಿದ್ದೆನಲ್ಲ, ಫೋನಿನಲ್ಲಿ ಮನುಷ್ಯ ಹೂಂಗುಟ್ಟುತ್ತಾನೆ, ಕಾಗದದಲ್ಲಿ ಯೋಚಿಸುತ್ತಾನೆ ಎಂದು. ಕಲಬುರಗಿಗೆ ನರ್ಸಿಂಗ್ ಓದಲು ಹೋಗಿ ನಾಲ್ಕು ವರ್ಷವಾದರೂ ಆ ಮಾತನ್ನು ಉಳಿಸಿಕೊಂಡವಳು ನೀನೊಬ್ಬಳೇ.

ನಿನ್ನ ಅವ್ವನ ಸುದ್ದಿ ಮೊದಲು. ಬಸವಮ್ಮನ ತಲೆಗೂದಲು ಈಗ ಕಿವಿ ಮುಚ್ಚುವಷ್ಟು ಬೆಳೆದಿದೆ. ಗೋಕುಲಂನ ಯೋಗದ ಮನೆಯಲ್ಲಿ ಅಡುಗೆಗೆ ಮತ್ತೆ ಸೇರಿದ್ದಾಳೆ. ಅಲ್ಲಿನ ಜರ್ಮನ್ ಹೆಂಗಸರು ಅವಳ ಉಪ್ಪಿಟ್ಟಿಗಾಗಿ ಸಾಲು ನಿಲ್ಲುತ್ತಾರಂತೆ. ಹೋದ ಅಕ್ಟೋಬರಿನಲ್ಲಿ ಆಭರಣದಂಗಡಿಯವರ ತಪಾಸಣಾ ಬಸ್ಸಿನಲ್ಲಿ ಎದೆಯ ಆ ಗಂಟು ಸಿಕ್ಕದೇ ಹೋಗಿದ್ದರೆ ಎಂದು ನೆನೆದಾಗಲೆಲ್ಲ ದೇವರಿಗೆ ಒಂದು ದೀಪ ಹೆಚ್ಚು ಹಚ್ಚುತ್ತೇನೆ.

ಇನ್ನು ಸಂತೋಷದ ಸುದ್ದಿ. ಅದೇ ಅಂಗಡಿಯವರು ಈ ವರ್ಷದ ಜಾಗೃತಿ ಅಭಿಯಾನಕ್ಕೆ ನಿನ್ನ ಅವ್ವನ ಚಿತ್ರವನ್ನೇ ಆರಿಸಿದ್ದಾರೆ. ಹಿನಕಲ್ ವೃತ್ತದ ಬಸ್ ತಂಗುದಾಣದ ಪಕ್ಕ ಆಳೆತ್ತರದ ಫ್ಲೆಕ್ಸ್. ಹೋದ ವರ್ಷ ಆ ಬಸ್ಸಿನ ಪಕ್ಕ ತೆಗೆದ ಚಿತ್ರ, ಗುಲಾಬಿ ಸೀರೆಯುಟ್ಟು ನಗುತ್ತಿದ್ದಾಳೆ. ‘ಸ್ತನ ಕ್ಯಾನ್ಸರನ್ನು ಗೆದ್ದೆ. ನೀವೂ ಗೆಲ್ಲಿ’ ಎಂದು ಮೇಲೆ. ಪ್ರತಿ ಖರೀದಿಗೂ ತಪಾಸಣೆಯ ಕೂಪನ್ ಉಚಿತ ಎಂದು ಕೆಳಗೆ. ಇದನ್ನೆಲ್ಲ ನಡೆಸುತ್ತಿರುವವನು ನಮ್ಮ ಅಭಿರಾಮ, ಶಾಲೆಯಲ್ಲಿ ನಿನಗಿಂತ ಮೂರು ವರ್ಷ ಮುಂದಿದ್ದವನು. ಅಕ್ಟೋಬರ್ ಇಪ್ಪತ್ತರ ಗುಲಾಬಿ ನಡಿಗೆಗೆ ನಾನೇ ಮುಖ್ಯ ಅತಿಥಿಯಂತೆ. ನನ್ನ ಇಬ್ಬರು ಮಕ್ಕಳು ಒಂದೇ ಒಳ್ಳೆಯ ಕೆಲಸದ ಎರಡು ತುದಿಯಲ್ಲಿದ್ದೀರಿ ಎಂದು ಹೆಮ್ಮೆಪಡುತ್ತೇನೆ.

ಅವ್ವನಿಗೆ ನಾಚಿಕೆ. ‘ಬುಡಿ ಟೀಚರೇ, ನಾನು ಇನ್ನೊಂದ್ ಸ್ಟಾಪ್ ಮುಂದೆ ಇಳ್ಕಂಡು ಹಿಂದಕ್ ನಡ್ಕ ಬತ್ತೀನಿ’ ಎಂದಳು. ನಕ್ಕುಬಿಟ್ಟೆ.

ನಿನ್ನ ಅಕ್ಕ ಸುಮಾ ಕೂರ್ಗಳ್ಳಿಯಲ್ಲಿ ಗಂಡನ ಮನೆಯಲ್ಲಿ ಕ್ಷೇಮವಂತೆ. ನಿನ್ನ ಕೊನೆಯ ವರ್ಷದ ಪರೀಕ್ಷೆ ಅಕ್ಟೋಬರ್ ಹದಿನಾಲ್ಕಕ್ಕೆ ಎಂದು ಕ್ಯಾಲೆಂಡರಿನಲ್ಲಿ ಗುರುತು ಹಾಕಿದ್ದೇನೆ. ಓದು.

ನಿನ್ನ ಏಳಿಗೆಯನ್ನೇ ಬಯಸುವ
ಕಮಲ ಟೀಚರ್


ಕಲಬುರಗಿ
೧೪ ಸೆಪ್ಟೆಂಬರ್ ೨೦೨೪

ಪ್ರೀತಿಯ ಟೀಚರ್ ಅವರಿಗೆ ನಮಸ್ಕಾರಗಳು.

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಎರಡನೆಯ ಸಲ ಹಲ್ಲು ಕಚ್ಚಿಕೊಂಡು ಓದಿದೆ.

ಆಪರೇಷನ್ ಆಗಿ ಬಂದ ದಿನ ಮನೆಯ ಕನ್ನಡಿಯನ್ನು ಗೋಡೆಯ ಕಡೆಗೆ ತಿರುಗಿಸಿದವಳು ನನ್ನ ಅವ್ವ. ಡ್ರೆಸ್ಸಿಂಗ್ ಬದಲಿಸುವಾಗ ನನ್ನೆದುರಿಗೂ ಸೆರಗು ಬಿಡದವಳು. ಒಂದು ಮೊಲೆ ತೆಗೆದರೆಂದು ಬೀದಿಯವರಿಗೆ ಇವತ್ತಿಗೂ ಗೊತ್ತಿಲ್ಲ. ಗರ್ಭಕೋಶದ ಆಪರೇಷನ್ ಎಂದು ಹೇಳಿದ್ದೇವೆ. ಸುಮಕ್ಕನ ಗಂಡನ ಮನೆಯವರಿಗೂ ಹಾಗೆಯೇ ಹೇಳಿದ್ದು. ಅಂಥವಳು ವೃತ್ತದಲ್ಲಿ ನಿಂತು ಊರಿಗೆಲ್ಲ ಸಾರಲು ಒಪ್ಪಿದಳೇ? ಯಾರು ಕೇಳಿದರು? ಅವಳು ಏನೆಂದಳು? ಅವಳಿಗೆ ನಾಚಿಕೆ ಎಂದು ಬರೆದಿದ್ದೀರಿ. ನಾಚಿಕೆಗೆ ಯಾರೂ ಒಂದು ಸ್ಟಾಪ್ ಹೆಚ್ಚು ನಡೆಯುವುದಿಲ್ಲ ಟೀಚರ್.

ಹೋದ ವಾರ ನಮ್ಮ ವಾರ್ಡಿಗೆ ಆಳಂದ ಕಡೆಯ ಹೆಂಗಸೊಬ್ಬಳು ಬಂದಳು. ಎದೆಯ ಹುಣ್ಣಿಗೆ ಅರಿಸಿನ ತುಂಬಿ ಹಳೆ ಬಟ್ಟೆ ಸುತ್ತಿದ್ದಳು. ಬಟ್ಟೆ ಬಿಚ್ಚಿದರೆ ಹುಳು. ಇಕ್ಕಳದಲ್ಲಿ ಒಂದೊಂದಾಗಿ ತೆಗೆದವಳು ನಾನು. ಅವಳ ಊರಿಗೆ ಯಾವ ತಪಾಸಣಾ ಬಸ್ಸೂ ಹೋಗಲಿಲ್ಲ. ಆ ಊರಲ್ಲಿ ಬಂಗಾರ ಕೊಳ್ಳುವವರಿಲ್ಲ. ಅದೇ ದಿನ ಮುಖಕ್ಕೆ ಹಚ್ಚುವ ಕ್ರೀಮಿನ ಕಂಪನಿಯೊಂದು ನಮ್ಮ ಕಾಲೇಜಿಗೆ ಗುಲಾಬಿ ರಿಬ್ಬನ್ನಿನ ಪೆಟ್ಟಿಗೆ ಕಳಿಸಿತ್ತು. ಅದನ್ನು ಮೆಟ್ಟಿಲ ಮೇಲಿಂದ ಒದ್ದೆ. ವಾರ್ಡನ್ ಬೈದರು. ಇನ್ನೊಂದು ಸಿಕ್ಕರೆ ಇನ್ನೊಮ್ಮೆ ಒದೆಯುತ್ತೇನೆ.

ಒಂದು ಉಪಕಾರ ಮಾಡಿ. ಹತ್ತು ದಿನದಿಂದ ಸುಮಕ್ಕನ ಫೋನು ಸ್ವಿಚ್ ಆಫ್. ಕೇಳಿದರೆ ಅವ್ವ ಮಾತು ತೇಲಿಸುತ್ತಾಳೆ. ನೀವೇ ಒಮ್ಮೆ ಹೋಗಿ ನೋಡಿ ಬನ್ನಿ. ನೀವು ನೋಡಿ ಹೇಳಿದರೆ ನಂಬುತ್ತೇನೆ.

ನಯನಾ


ರಾಮಕೃಷ್ಣನಗರ
೨೨ ಸೆಪ್ಟೆಂಬರ್ ೨೦೨೪

ಮಗಳೇ,

ನಿನ್ನ ಕೋಪ ನನಗೆ ಅರ್ಥವಾಗುತ್ತದೆ. ಆದರೂ ಇನ್ನೊಂದು ಮಗ್ಗುಲನ್ನು ನೋಡು.

ನನ್ನ ತಾಯಿ ಸತ್ತದ್ದು ಇದೇ ರೋಗದಿಂದ. ಅಗ್ರಹಾರದ ಮನೆಯ ಹಿಂದಿನ ಕೋಣೆಯಲ್ಲಿ ಎಂಟು ತಿಂಗಳು ಮಲಗಿದ್ದರು. ವಾಸನೆ ನಡುಮನೆಗೆ ಬಾರದಿರಲೆಂದು ಹಗಲಿಡೀ ಸಾಂಬ್ರಾಣಿ ಹಾಕುತ್ತಿದ್ದರು. ಕೇಳಿದವರಿಗೆ ಎದೆನೋವು ಎಂದಷ್ಟೇ ಉತ್ತರ. ಅರಮನೆಯಲ್ಲಿ ಲೆಕ್ಕಪತ್ರ ಬರೆಯುತ್ತಿದ್ದ ನನ್ನ ತಾತ, ಓದಿದವರು, ವೈದ್ಯರನ್ನು ಕರೆಸಲಿಲ್ಲ. ಗಂಡಸು ವೈದ್ಯ ಹೆಂಗಸಿನ ಎದೆ ನೋಡುವುದೇ ಎಂದರು. ಆಗ ನನಗೆ ಹದಿಮೂರು. ಇವತ್ತು ಊರ ನಡುವೆ ಆ ರೋಗದ ಹೆಸರನ್ನು ದಪ್ಪಕ್ಷರದಲ್ಲಿ ಬರೆದದ್ದು ಕಂಡರೆ, ಬರೆದವನು ಬಂಗಾರ ಮಾರುವವನಾದರೂ, ನನಗೆ ಅಳು ಬರುತ್ತದೆ. ಆ ಬಸ್ಸಿನಲ್ಲಿ ಹೋದ ವರ್ಷ ಒಂಬತ್ತು ಹೆಂಗಸರಲ್ಲಿ ಗಂಟು ಸಿಕ್ಕಿತಂತೆ. ನಿನ್ನ ಅವ್ವ ಅವರಲ್ಲೊಬ್ಬಳು. ಚಿತ್ರಕ್ಕೆ ತಪಾಸಣೆಯ ಅರ್ಜಿಯಲ್ಲಿಯೇ ಒಪ್ಪಿಗೆ ಇತ್ತೆಂದು ಅಭಿರಾಮ ಹೇಳುತ್ತಾನೆ.

ಶುಕ್ರವಾರ ಕೂರ್ಗಳ್ಳಿಗೆ ಹೋಗಿದ್ದೆ. ಸುಮಾ ಚೆನ್ನಾಗಿದ್ದಾಳೆ. ಫೋನು ನೀರಿಗೆ ಬಿದ್ದು ಕೆಟ್ಟಿದೆಯಂತೆ. ಬಚ್ಚಲಲ್ಲಿ ಜಾರಿ ಸ್ವಲ್ಪ ಪೆಟ್ಟಾಗಿದೆ. ಸೆಕೆಯಲ್ಲೂ ಶಾಲು ಹೊದ್ದಿದ್ದಳು, ಕಾಫಿ ಲೋಟವನ್ನು ಎಡಗೈಯಲ್ಲಿ ಕೊಟ್ಟಳು. ನಿನ್ನ ಭಾವ ನಾಗೇಂದ್ರ ಗೂಡ್ಸ್ ಗಾಡಿಯ ಬಾಡಿಗೆ ಬಿಟ್ಟು ನನ್ನ ಜೊತೆಯಲ್ಲೇ ಕುಳಿತಿದ್ದ. ಅಭಿಯಾನದವರು ಮನೆಮನೆಗೆ ಹಂಚಿದ ಗುಲಾಬಿ ಕಾರ್ಡನ್ನು, ಎದೆಯನ್ನು ಬೆರಳಿನಿಂದ ಹೇಗೆ ಪರೀಕ್ಷಿಸಿಕೊಳ್ಳಬೇಕೆಂಬ ಚಿತ್ರಗಳಿವೆಯಲ್ಲ, ಅದನ್ನು ಬೀರುವಿನ ಬಾಗಿಲಿಗೆ ಅಂಟಿಸಿದ್ದಾನೆ. ಗಂಡಸೊಬ್ಬ ಹೆಂಡತಿಯ ಆರೋಗ್ಯದ ಬಗ್ಗೆ ಇಷ್ಟು ಗಮನ ಕೊಡುವುದನ್ನು ಕಂಡು ಸಮಾಧಾನವಾಯಿತು.

ನಿಶ್ಚಿಂತೆಯಿಂದ ಓದು.

ಕಮಲ ಟೀಚರ್


ಕಲಬುರಗಿ
೨೯ ಸೆಪ್ಟೆಂಬರ್ ೨೦೨೪

ಟೀಚರ್ ಅವರಿಗೆ,

ನಿಮ್ಮ ತಾಯಿಯ ಕೋಣೆಯ ಬಗ್ಗೆ ಬರೆದದ್ದನ್ನು ಓದಿದೆ. ಒಂಬತ್ತು ವರ್ಷದಲ್ಲಿ ನೀವು ಅದನ್ನು ಒಮ್ಮೆಯೂ ಹೇಳಿರಲಿಲ್ಲ. ಆ ಬಸ್ಸನ್ನು ನಾನೂ ಪೂರ್ತಿ ದ್ವೇಷಿಸಲಾರೆ. ಅವ್ವ ಬದುಕಿರುವುದು ಅದರಿಂದ. ಅದಕ್ಕೇ ಹೆಚ್ಚು ಸಿಟ್ಟು ಬರುತ್ತದೆ.

ಈಗ ಸುಮಕ್ಕನ ವಿಷಯ. ಅವಳು ಬಲಗೈಯವಳು. ಎಡಗೈಯಲ್ಲಿ ಗುರುಗಳಿಗೆ ಕಾಫಿ ಕೊಡುವವಳಲ್ಲ. ಬಚ್ಚಲಲ್ಲಿ ಜಾರಿದ ಹೆಂಗಸರನ್ನು ತುರ್ತು ವಿಭಾಗದಲ್ಲಿ ವಾರಕ್ಕೆ ಆರು ಜನ ನೋಡುತ್ತೇನೆ. ಬಚ್ಚಲಿಗೆ ಬೆರಳಿರುವುದಿಲ್ಲ, ಆದರೆ ಅವರ ತೋಳಿನ ಮೇಲೆ ಬೆರಳಿನ ಗುರುತಿರುತ್ತದೆ. ನಾಲ್ಕು ಪ್ರಶ್ನೆ ಕೇಳುತ್ತೇನೆ. ಹೌದು, ಇಲ್ಲ ಎಂದಷ್ಟೇ ಬರೆಯಿರಿ.

ಒಂದು: ಅವಳು ಬಲಗೈಯನ್ನು ಭುಜಕ್ಕಿಂತ ಮೇಲಕ್ಕೆ ಎತ್ತಲಾರದೇ ಇದ್ದಳೇ?
ಎರಡು: ಮೈಮೇಲೆ ಕಂಡ ಗುರುತುಗಳಲ್ಲಿ ಕೆಲವು ನೀಲಿ, ಕೆಲವು ಹಳದಿ ಇದ್ದವೇ? ಬೇರೆಬೇರೆ ಬಣ್ಣವೆಂದರೆ ಬೇರೆಬೇರೆ ದಿನದ ಪೆಟ್ಟು.
ಮೂರು: ಮಾತಾಡುವ ಮೊದಲು ಅವಳು ನಾಗೇಂದ್ರನ ಮುಖ ನೋಡುತ್ತಿದ್ದಳೇ?
ನಾಲ್ಕು: ಅವನಿಲ್ಲದಾಗ ನಿಮಗೆ ಏನಾದರೂ ಹೇಳಿದಳೇ?

ಫ್ಲೆಕ್ಸ್ ಕಟ್ಟಿದ್ದು ಸೆಪ್ಟೆಂಬರ್ ಒಂದಕ್ಕೆ. ಸುಮಕ್ಕನ ಫೋನು ಆಫ್ ಆದದ್ದು ನಾಲ್ಕಕ್ಕೆ. ಅವಳ ಗಂಡ ದಿನಾ ಹಿನಕಲ್ ವೃತ್ತದ ಮೇಲೆಯೇ ಗಾಡಿ ಓಡಿಸುತ್ತಾನೆ.

ನಯನಾ


ರಾಮಕೃಷ್ಣನಗರ
೩ ಅಕ್ಟೋಬರ್ ೨೦೨೪

ಚಿರಂಜೀವಿ ನಯನಾಳಿಗೆ,

ಇಂದಿನಿಂದ ನವರಾತ್ರಿ. ದೀಪಾಲಂಕಾರ ನೋಡಲು ಬಂದವರಿಂದ ಊರು ತುಂಬಿದೆ. ಅಂಚೆ ತಡವಾಗಬಹುದೆಂದು ಅವಸರದಲ್ಲಿ ಬರೆಯುತ್ತಿದ್ದೇನೆ.

ನಿನ್ನ ಮುಂದಿರುವುದು ಒಂದೇ ಕೆಲಸ. ನಿನ್ನ ವಂಶದಲ್ಲಿ ಪದವಿಯ ಪರೀಕ್ಷೆಗೆ ಕೂರುತ್ತಿರುವ ಮೊದಲ ಹೆಣ್ಣು ನೀನು. ನಿನ್ನ ಅವ್ವ ಒಲೆಯ ಮುಂದೆ ಬೆಂದದ್ದು ಇದಕ್ಕಾಗಿ. ಉಳಿದ ವಿಷಯಗಳನ್ನು ಪರೀಕ್ಷೆ ಮುಗಿದ ಮೇಲೆ ಎದುರುಬದುರು ಕುಳಿತು ಮಾತಾಡೋಣ. ಇಲ್ಲಿ ಹಿರಿಯರಿದ್ದೇವೆ, ನೋಡಿಕೊಳ್ಳುತ್ತೇವೆ.

ನಿನಗೆ ಒಳ್ಳೆಯದಾಗಲಿ.

ಕಮಲ ಟೀಚರ್


ಹಿನಕಲ್
೧೬ ಅಕ್ಟೋಬರ್ ೨೦೨೪

ಶ್ರೀಮತಿ ಕಮಲ ಅವರಿಗೆ,

ಹೌದು, ನಾನು ಹಿನಕಲ್‌ನಲ್ಲಿದ್ದೇನೆ. ಐದು ದಿನವಾಯಿತು. ನಿಮ್ಮ ಮನೆಗೆ ಎರಡು ಬಸ್ಸಿನ ದಾರಿ. ಬರಲು ಮನಸ್ಸಾಗದೆ ಅಂಚೆಗೆ ಹಾಕುತ್ತಿದ್ದೇನೆ.

ನಾಲ್ಕು ಪ್ರಶ್ನೆಗೆ ಒಂದೂ ಉತ್ತರವಿರಲಿಲ್ಲ. ಇಲ್ಲ ಎಂದಾಗಿದ್ದರೆ ಇಲ್ಲ ಎಂದು ಬರೆಯುತ್ತಿದ್ದಿರಿ. ಪತ್ರ ಸೇರಿದ್ದು ಹತ್ತಕ್ಕೆ, ಅವತ್ತೇ ರೈಲು ಹತ್ತಿದೆ.

ಆಯುಧಪೂಜೆಯ ದಿನ ಮಧ್ಯಾಹ್ನ ಕೂರ್ಗಳ್ಳಿ ತಲುಪಿದೆ. ನಾಗೇಂದ್ರ ಗಾಡಿಗೆ ಹಾರ ಹಾಕಿ ಬೂದುಗುಂಬಳ ಒಡೆದಿದ್ದ. ಬಾಗಿಲ ಮುಂದೆ ಕುಂಕುಮದ ನೀರು. ಒಳಗೆ ಸುಮಕ್ಕ ಚಾಪೆಯ ಮೇಲೆ ಒಂದು ಮಗ್ಗುಲಾಗಿ ಬಿದ್ದಿದ್ದಳು. ಕುತ್ತಿಗೆಯ ಕೆಳಗಿನ ಎಲುಬು ಮುರಿದು ಚರ್ಮವನ್ನು ಮೇಲಕ್ಕೆ ತಳ್ಳಿತ್ತು. ರವಿಕೆ ಬಿಚ್ಚಿ ನೋಡಿದೆ. ನಾನು ಹೆಣಗಳನ್ನೂ ತೊಳೆದಿದ್ದೇನೆ. ಅಂಥ ಮೈ ಕಂಡಿರಲಿಲ್ಲ. ಎರಡು ಮೊಲೆಗಳೂ ಕಪ್ಪಗಾಗಿದ್ದವು.

ನೀವು ಸಮಾಧಾನಪಟ್ಟ ಆ ಕಾರ್ಡಿನ ಕಥೆ ಕೇಳಿ. ಭಾನುವಾರ ಭಾನುವಾರ ಅವಳನ್ನು ಬೀರುವಿನ ಮುಂದೆ ನಿಲ್ಲಿಸಿ, ಚಿತ್ರ ನೋಡಿಕೊಂಡು, ಅವನು ‘ಪರೀಕ್ಷೆ’ ಮಾಡುತ್ತಿದ್ದ. ಬೆರಳಿನಿಂದಲ್ಲ, ಮುಷ್ಟಿಯ ಗೆಣ್ಣಿನಿಂದ. ‘ನಿಮ್ಮವ್ವಂಗೆ ಬಂದಿದ್ದು ನಿಂಗೂ ಬತ್ತದೆ, ಕೊಳೆತ ಮಾಲು ಕಟ್ಬುಟ್ರು ನಂಗೆ’ ಎನ್ನುತ್ತಿದ್ದ. ನೋವೆಂದು ಕೂಗಿದರೆ ಗಂಟು ಇದೆ ಎಂದು ಹೊಡೆಯುತ್ತಿದ್ದ, ಸುಮ್ಮನಿದ್ದರೆ ಮುಚ್ಚಿಡುತ್ತಿದ್ದೀಯ ಎಂದು ಹೊಡೆಯುತ್ತಿದ್ದ. ಆರು ಭಾನುವಾರ. ಏಳನೆಯದಕ್ಕೆ ಕಾಯದೆ ಹಬ್ಬದ ದಿನವೇ ಕಾಲಿನಿಂದ ಒದ್ದು ಎಲುಬು ಮುರಿದ.

ಪೂಜೆಗಿಟ್ಟಿದ್ದ ಗಾಡಿಯ ಜಾಕಿನ ಕಬ್ಬಿಣದ ರಾಡ್ ಕೈಗೆ ಸಿಕ್ಕಿತು. ಅರಿಸಿನ ಕುಂಕುಮ ಹಚ್ಚಿದ್ದರು. ಅವನು ಒಳಗೆ ಬಂದು ‘ಏನಮ್ಮೀ, ನರ್ಸಮ್ಮ, ನೀನೇ ಒಂದ್ ಸಲ ಚೆಕ್ ಮಾಡ್ಬುಡು’ ಎಂದ. ಬೀಸಿದೆ. ಅವನ ಮೊಣಕೈಯ ಎಲುಬು ಮುರಿದ ಸದ್ದು ಕೇಳಿಸಿತು. ಅದು ಹಿತವಾಗಿತ್ತು ಎಂದು ಬರೆಯಲು ನನಗೆ ಸಂಕೋಚವಿಲ್ಲ.

ಮರುದಿನ ಜಂಬೂಸವಾರಿಗೆ ಊರೆಲ್ಲ ಹೋಗಿತ್ತು. ಸುಮಕ್ಕನನ್ನು ಆಸ್ಪತ್ರೆಯಲ್ಲಿ ಬಿಟ್ಟು ಬಂದು, ಮನೆಯ ಮಚ್ಚು ತೆಗೆದುಕೊಂಡು ವೃತ್ತಕ್ಕೆ ನಡೆದೆ. ಫ್ಲೆಕ್ಸಿನ ಕಾಲಿನಿಂದ ಸೀಳುತ್ತಾ ಬಂದೆ. ಅವ್ವನ ಮುಖದ ಹತ್ತಿರ ಕೈ ಒಂದು ಕ್ಷಣ ನಿಂತಿತು. ಆಮೇಲೆ ಅಲ್ಲಿಗೂ ಬೀಸಿದೆ. ಕಬ್ಬಿಣದ ಚೌಕಟ್ಟಿಗೆ ತಾಗಿ ಅಂಗೈ ಬಿರಿಯಿತು, ಮೂರು ಹೊಲಿಗೆ.

ನಿನ್ನೆ ಅಂಗಡಿಗೂ ಹೋಗಿದ್ದೆ. ಅಭಿರಾಮಣ್ಣ ನನ್ನ ಮೇಲೆ ದೂರು ಕೊಡಲಿಲ್ಲ. ಅವ್ವನ ಅರ್ಜಿ ತೆಗೆದು ತೋರಿಸಿದ. ಹನ್ನೊಂದನೆಯ ಕಾಲಂ: ‘ನನ್ನ ಭಾವಚಿತ್ರ ಮತ್ತು ವಿವರಗಳನ್ನು ಪ್ರಚಾರಕ್ಕೆ ಬಳಸಬಹುದು.’ ಪಕ್ಕದಲ್ಲಿ ಹೌದು ಎಂಬುದಕ್ಕೆ ಗುರುತು. ಅರ್ಜಿ ತುಂಬಿದ ಅಕ್ಷರ ನಿಮ್ಮದು. ಆ ಅಕ್ಷರ ನೋಡಿಯೇ ನಾನು ಬರೆಯಲು ಕಲಿತದ್ದು. ಅವ್ವನನ್ನು ಕೇಳಿದೆ. ‘ಟೀಚರು ಬರ್ಕೊಟ್ರು, ನಾನ್ ಸೈನ್ ಹಾಕ್ದೆ ಕಣಮ್ಮ’ ಎಂದಳು.

ಪೊಲೀಸರು ಗಂಡಹೆಂಡಿರ ಜಗಳ ಎಂದು ಚೀಟಿ ಬರೆದು ಕಳಿಸಿದರು. ನಾಗೇಂದ್ರ ಅವಳು ಜಾರಿ ಬಿದ್ದಳು ಎನ್ನುತ್ತಾನೆ. ಹೆಂಗಸಿನ ಕೈಯಲ್ಲಿ ಎಲುಬು ಮುರಿಸಿಕೊಂಡೆ ಎನ್ನಲು ನಾಚಿ ತನ್ನ ಕೈಯ ಮಾತು ಎತ್ತಿಲ್ಲ. ನನಗೆ ಹೇಳಿದರೂ ಸುಮಕ್ಕ ಪೊಲೀಸರೆದುರು ಬಾಯಿ ಬಿಡುತ್ತಿಲ್ಲ. ಇಪ್ಪತ್ತೇಳಕ್ಕೆ ಸಮುದಾಯ ಭವನದಲ್ಲಿ ಹಿರಿಯರು ಸೇರುತ್ತಾರೆ. ಅವಳಿಗೆ ರೋಗವಿಲ್ಲ ಎಂದು ಡಾಕ್ಟರ ಕಾಗದ ತಂದರೆ ಕರೆದುಕೊಂಡು ಹೋಗುತ್ತೇನೆ ಎಂದಿದ್ದಾನೆ. ಅವ್ವ ಅದಕ್ಕೂ ತಲೆಯಾಡಿಸುತ್ತಾಳೆ. ಅಲ್ಲಿಗೆ ಮತ್ತೆ ಹೋದರೆ ಸುಮಕ್ಕ ಉಳಿಯುವುದಿಲ್ಲ. ಆಸ್ಪತ್ರೆಗೆ ಸೇರುವ ಮೊದಲು, ಮನೆಯವರಲ್ಲದೆ ಅವಳ ಗಾಯ ಕಂಡವರು ನೀವೊಬ್ಬರೇ. ಠಾಣೆಗೆ ಬಂದು ಹೇಳುತ್ತೀರಾ?

ನಯನಾ

ನನ್ನ ಎರಡು ಪತ್ರಿಕೆಗಳು ತಪ್ಪಿದವು. ನಿಮ್ಮ ಕ್ಯಾಲೆಂಡರಿನ ಗುರುತು ಅಳಿಸಿ.


ರಾಮಕೃಷ್ಣನಗರ
೧೮ ಅಕ್ಟೋಬರ್ ೨೦೨೪

ನಯನಾ,

ಹೌದು. ಹೌದು. ಹೌದು. ಹೌದು. ನಿನ್ನ ನಾಲ್ಕೂ ಪ್ರಶ್ನೆಗಳಿಗೆ ಇದು ಉತ್ತರ.

ಆ ಶುಕ್ರವಾರ ಅವನಿಗೆ ಫೋನು ಬಂದು ಹೊರಗೆ ಹೋದ. ಸುಮಾ ಅಡುಗೆಮನೆಯಲ್ಲಿ ಶಾಲು ಸರಿಸಿ ತೋಳು ತೋರಿಸಿದಳು. ನೀಲಿ, ಹಳದಿ, ಹಸಿರು. ‘ಟೀಚರ್, ನನ್ನ ಇವತ್ತೇ ಕರ್ಕೊಂಡ್ ಹೋಗ್ಬುಡಿ’ ಎಂದಳು. ನಾನು ಅವಳ ತಲೆ ಸವರಿ, ತಂಗಿಯ ಪರೀಕ್ಷೆ ಮುಗಿಯುವವರೆಗೆ ತಡೆದುಕೋ ತಾಯಿ ಎಂದೆ. ಇನ್ನು ಮೂರೂವರೆ ವಾರ ಎಂದು ಬೆರಳು ಮಡಿಸಿ ತೋರಿಸಿದೆ. ಅವಳು ತಲೆಯಾಡಿಸಿ ಶಾಲು ಸರಿಮಾಡಿಕೊಂಡಳು. ಅಭಿಮಾನದ ಒಬ್ಬ ಶಿಷ್ಯೆಗಾಗಿ ಇನ್ನೊಬ್ಬಳನ್ನು ಒತ್ತೆಯಿಟ್ಟು ಬಂದೆ. ಮನೆಗೆ ಬಂದು, ಸುಮಾ ಚೆನ್ನಾಗಿದ್ದಾಳೆ ಎಂದು ಸ್ಫುಟವಾದ ಅಕ್ಷರದಲ್ಲಿ ನಿನಗೆ ಬರೆದೆ. ಆ ಕಾರ್ಡಿನ ಅರ್ಥವೊಂದು ನನಗೆ ತಿಳಿದಿರಲಿಲ್ಲ. ಉಳಿದದ್ದೆಲ್ಲ ತಿಳಿದಿತ್ತು.

ಇನ್ನು ಹನ್ನೊಂದನೆಯ ಕಾಲಂ. ಮೂವತ್ತೊಂದು ವರ್ಷ ನಾನು ನಿಮ್ಮಂಥ ಮಕ್ಕಳ ವಿದ್ಯಾರ್ಥಿವೇತನದ ಅರ್ಜಿ ತುಂಬಿದವಳು. ಒಂದು ಕಾಲಂ ಖಾಲಿ ಬಿಟ್ಟರೂ, ಒಂದು ಕಡೆ ಇಲ್ಲ ಎಂದು ಬರೆದರೂ, ಕಚೇರಿಯಿಂದ ಅರ್ಜಿ ವಾಪಸು ಬರುತ್ತಿತ್ತು. ಮಗುವಿನ ಒಂದು ವರ್ಷ ಹೋಗುತ್ತಿತ್ತು. ಹಾಗಾಗಿ ಓದುವ ಮೊದಲೇ ಹೌದು ಎಂದು ಗುರುತು ಹಾಕುವುದು ನನ್ನ ಕೈಗೆ ರೂಢಿಯಾಗಿ ಹೋಗಿದೆ. ಅವತ್ತು ಆ ಬಸ್ಸಿನ ಪಕ್ಕ ಮೇಜು ಹಾಕಿಕೊಂಡು ಹಿನಕಲ್ಲಿನ ನಲವತ್ತು ಹೆಂಗಸರ ಅರ್ಜಿ ತುಂಬಿದೆ. ಎಲ್ಲರಿಗೂ ಎಲ್ಲ ಕಡೆಯೂ ಹೌದು. ಬಸವಮ್ಮನನ್ನು ಕೇಳಲಿಲ್ಲ. ಕೇಳಬೇಕೆಂದು ಹೊಳೆಯಲೇ ಇಲ್ಲ. ಫ್ಲೆಕ್ಸ್ ಕಂಡ ದಿನ ಹೊಳೆಯಿತು. ಅವತ್ತು ನಕ್ಕುಬಿಟ್ಟೆ ಎಂದು ಬರೆದದ್ದು ಸುಳ್ಳು.

ನಾಳೆ ಬೆಳಿಗ್ಗೆ ಠಾಣೆಗೆ ಹೋಗುತ್ತೇನೆ. ಕಂಡದ್ದನ್ನೂ, ಕಂಡು ಸುಮ್ಮನಿದ್ದದ್ದನ್ನೂ ಹೇಳುತ್ತೇನೆ. ಗುಲಾಬಿ ನಡಿಗೆಗೆ ಬರುವುದಿಲ್ಲವೆಂದು ಅಭಿರಾಮನಿಗೆ ತಿಳಿಸಿದ್ದೇನೆ. ಆ ಹುಡುಗ ಉಳಿದ ಫ್ಲೆಕ್ಸುಗಳನ್ನು ತನ್ನ ಕೈಯಾರೆ ಇಳಿಸಿದ, ಅದಕ್ಕೆ ಮಾಲೀಕರಿಂದ ಬೈಸಿಕೊಂಡ. ಸುಮಾಳ ತಪಾಸಣೆಯನ್ನು ತಾನೇ ಏರ್ಪಾಡು ಮಾಡುತ್ತೇನೆ ಎಂದಿದ್ದಾನೆ. ರೋಗವಿಲ್ಲವೆಂದು ಬಂದರೆ ಹಿರಿಯರ ಎದುರು ನಾಗೇಂದ್ರನ ಬಾಯಿ ಕಟ್ಟೀತು ಎಂಬ ಆಸೆ ನನ್ನದು.

ಕ್ಷಮೆ ಕೇಳುವ ಯೋಗ್ಯತೆ ನನಗಿಲ್ಲ.

ಕಮಲ


ಕಲಬುರಗಿ
೨೨ ಅಕ್ಟೋಬರ್ ೨೦೨೪

ಟೀಚರ್,

ಪ್ರಾಯೋಗಿಕ ಪರೀಕ್ಷೆಗೆ ವಾಪಸು ಬಂದಿದ್ದೇನೆ. ಬರಲು ಮನಸ್ಸಿರಲಿಲ್ಲ. ಸುಮಕ್ಕ ಹೊಡೆಯುವಂತೆ ಎಡಗೈ ಎತ್ತಿ, ‘ನೀನೂ ಕೆಟ್ರೆ ಅವ್ನು ಗೆದ್ದಂಗೆ, ಹೋಗೇ’ ಎಂದಳು.

ನೀವು ಠಾಣೆಯಲ್ಲಿ ಹೇಳಿದ್ದು ತಿಳಿಯಿತು. ಹಾಗೆ ಹೇಳುವುದು ನಿಮಗೆ ಎಷ್ಟು ಕಷ್ಟವಾಗಿರಬೇಕೆಂದು ನನಗೆ ಗೊತ್ತು. ಆದರೆ ನೀವು ಇನ್ನೂ ಅಲ್ಲೇ ನಿಂತಿದ್ದೀರಿ. ರೋಗವಿಲ್ಲವೆಂದು ಬಂದರೆ ಅವನ ಬಾಯಿ ಕಟ್ಟೀತು ಎಂದು ಬರೆದಿದ್ದೀರಿ. ರೋಗವಿದೆ ಎಂದು ಬಂದರೆ? ಆಗ ಆ ಏಟುಗಳು ಸರಿಯೇ? ಅವನು ಗೆಣ್ಣಿನಿಂದ ಕೇಳಿದ ಪ್ರಶ್ನೆಗೆ ನೀವು ಯಂತ್ರದಿಂದ ಉತ್ತರ ತರಿಸುತ್ತಿದ್ದೀರಿ. ತಪಾಸಣೆ ಮಾಡಿಸಿ, ಬೇಡ ಎನ್ನುವುದಿಲ್ಲ. ಅವ್ವನಿಗೆ ಬಂದದ್ದರಿಂದ ಅವಳಿಗೆ ಅದು ಬೇಕು. ಆದರೆ ಅದನ್ನು ಅವನ ಕೈಗೆ ಕೊಡಬೇಡಿ.

ಬೇರೆಯವರ ಮಾತು ಸಾಲದು, ಪೆಟ್ಟು ತಿಂದವಳೇ ಬಾಯಿ ಬಿಡಬೇಕು ಎಂದು ಪೊಲೀಸರು ಹೇಳಿದ್ದಾರೆ. ಅವಳಿಗೆ ಬುದ್ಧಿ ಹೇಳಬೇಡಿ. ಪಕ್ಕದಲ್ಲಿ ಇರಿ, ಅಷ್ಟೆ.

ನಯನಾ


ರಾಮಕೃಷ್ಣನಗರ
೨೮ ಅಕ್ಟೋಬರ್ ೨೦೨೪

ನಯನಾ,

ಅಕ್ಷರ ಸೊಟ್ಟವಾಗಿದ್ದರೆ ಕ್ಷಮಿಸು. ಕನ್ನಡಕ ಒಡೆದಿದೆ. ಎಡಗಣ್ಣು ಊದಿಕೊಂಡು ಮುಚ್ಚಿದೆ. ನಡೆದದ್ದನ್ನು ಏನೂ ಬಿಡದೆ ಬರೆಯುತ್ತೇನೆ.

ಶುಕ್ರವಾರ ಸುಮಾಳನ್ನು ಆ ಬಸ್ಸಿಗೆ ಕರೆದುಕೊಂಡು ಹೋದೆವು. ಹೊರಗೆ ಗುಲಾಬಿ ಬಲೂನು, ಸೆಲ್ಫಿಗೆ ಚೌಕಟ್ಟು. ಪರೀಕ್ಷೆ ಮಾಡುವ ಹುಡುಗಿ ಕೈ ಮುಂದೆ ತಂದ ಕೂಡಲೇ ಸುಮಾ ಅವಳನ್ನು ಗೋಡೆಗೆ ತಳ್ಳಿಬಿಟ್ಟಳು. ಆ ಹುಡುಗಿ ಸಿಟ್ಟಾಗಲಿಲ್ಲ. ಎರಡೂ ಕೈ ಹಿಂದಕ್ಕೆ ಕಟ್ಟಿಕೊಂಡು, ಅಕ್ಕ, ನೀವು ಹೇಳಿದಾಗ ಮಾತ್ರ ಮುಟ್ಟುತ್ತೇನೆ ಎಂದಳು. ಮುಕ್ಕಾಲು ಗಂಟೆ ಕಾದಳು. ಸಾಲಿನಲ್ಲಿದ್ದವರು ಗೊಣಗಿದರು, ಅಭಿರಾಮ ಅವರನ್ನು ಸಮಾಧಾನಪಡಿಸಿದ. ಕೊನೆಗೆ ಸುಮಾಳೇ ಹೂಂ ಎಂದಳು. ಆ ಬಸ್ಸನ್ನು ಏನೆಂದು ತೀರ್ಮಾನಿಸುವುದೋ ನನಗೆ ತಿಳಿಯದು.

ನಿನ್ನೆ ಸಮುದಾಯ ಭವನದಲ್ಲಿ ನಲವತ್ತು ಜನ ಸೇರಿದ್ದರು. ಯಜಮಾನರು ಕುಮಾರಸ್ವಾಮಿ, ಸಿಟಿ ಬಸ್ಸಿನಲ್ಲಿ ಕಂಡಕ್ಟರಾಗಿದ್ದವರು, ಎಲ್ಲರಿಗೂ ಮಾತಿಗೆ ಅವಕಾಶ ಕೊಟ್ಟರು. ನಾಗೇಂದ್ರ ಕೈಗೆ ಪಟ್ಟಿ ಕಟ್ಟಿಕೊಂಡು ಮುಂದಿನ ಸಾಲಿನಲ್ಲಿ ಕುಳಿತಿದ್ದ. ನಾನು ಎದ್ದು ನಾನು ಕಂಡದ್ದನ್ನು ಹೇಳಿದೆ. ಅವನ ಚಿಕ್ಕಪ್ಪ ನಕ್ಕು, ರಾಮಕೃಷ್ಣನಗರದೋರು ನಮ್ ಮನೆ ಬಚ್ಚಲು ನೋಡಕ್ ಬಂದವ್ರೆ ಎಂದ. ಕೆಲವರು ನಕ್ಕರು. ಯಜಮಾನರು ರಿಪೋರ್ಟು ಎಲ್ಲಿ ಎಂದರು. ಅದು ನನ್ನ ಚೀಲದಲ್ಲಿತ್ತು. ನಿನ್ನ ಪತ್ರವೂ ಅದೇ ಚೀಲದಲ್ಲಿತ್ತು. ಅಷ್ಟು ಜನ ನೋಡುತ್ತಿದ್ದಾಗ ನಾನು ರಿಪೋರ್ಟು ತೆಗೆದು ಕೊಟ್ಟುಬಿಟ್ಟೆ. ನೀನು ಬೇಡವೆಂದದ್ದನ್ನೇ ಮಾಡಿದೆ.

ಏನೂ ಇಲ್ಲವೆಂದು ಓದಿದರು. ಬಸವಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು, ಸಂತೋಷಕ್ಕೆ. ಚಿಕ್ಕಪ್ಪ, ಇನ್ನೇನು, ಕರ್ಕೊಂಡ್ ನಡಿ ಎಂದ. ನಾಗೇಂದ್ರ ಎದ್ದು ನಿಂತು ಚಪ್ಪಲಿ ಹಾಕಿಕೊಂಡ, ಸಂತೆಯಲ್ಲಿ ವ್ಯಾಪಾರ ಮುಗಿದವನ ಹಾಗೆ.

ಆಗ ಸುಮಾ ಎದ್ದಳು. ನೇರವಾಗಿ ಹೋಗಿ ಯಜಮಾನರ ಕೈಯಿಂದ ಕಾಗದ ತೆಗೆದುಕೊಂಡಳು. ಏರು ದನಿಯೇನಲ್ಲ. ‘ಇದು ನನ್ ಮೈದು ಕಣಣ್ಣ. ಇದ್ರಲ್ಲಿ ಏನ್ ಬರ್ದಿದ್ರೂ ಅಷ್ಟೇ, ಬರ್ದಿಲ್ದಿದ್ರೂ ಅಷ್ಟೇ. ನಾನು ಅಲ್ಲಿಗ್ ಹೋಗಕ್ಕಿಲ್ಲ’ ಎಂದಳು. ಆಮೇಲೆ ಎಲ್ಲರ ಕಡೆ ತಿರುಗಿ, ಆರು ಭಾನುವಾರಗಳನ್ನು ಒಂದೊಂದಾಗಿ ಹೇಳತೊಡಗಿದಳು. ಎರಡನೆಯ ಭಾನುವಾರಕ್ಕೆ ಬರುವಷ್ಟರಲ್ಲಿ ನಾಗೇಂದ್ರ ಕುರ್ಚಿಯನ್ನು ಒದ್ದು ಅವಳ ಮೇಲೆ ನುಗ್ಗಿದ. ನಾನು ನಡುವೆ ನಿಂತು ಏಟು ತಡೆದೆ ಎಂದು ಬರೆದರೆ ನೀನು ನಂಬಬಹುದು. ನಿಜವೆಂದರೆ ನಾನು ಹೆದರಿ ಎದ್ದು ಬಾಗಿಲ ಕಡೆಗೆ ಹೊರಟಿದ್ದೆ. ಅವನ ಮುಷ್ಟಿ ದಾರಿಯಲ್ಲಿ ಸಿಕ್ಕ ನನ್ನ ಮುಖಕ್ಕೆ ಬಿತ್ತು. ಕನ್ನಡಕದ ಗಾಜು ಹುಬ್ಬಿನೊಳಗೆ ಹೋಯಿತು. ಅರವತ್ತಾರು ವರ್ಷದಲ್ಲಿ ನನ್ನ ಮೈಮೇಲೆ ಬಿದ್ದ ಮೊದಲ ಏಟು ಅದು. ಒಂದೇ ಒಂದು. ನೆಲದ ಮೇಲೆ ಬಿದ್ದಾಗ ಸುಮಾಳಿಗೆ ಬೆರಳು ಮಡಿಸಿ ತೋರಿಸಿದ ಮೂರೂವರೆ ವಾರ ನೆನಪಾಯಿತು.

ಅವನು ಸುಮಾಳ ಜಡೆ ಹಿಡಿದು ಎಳೆದ. ಅವಳು ಅವನ ಮುರಿದ ಕೈಯ ಪಟ್ಟಿಗೆ ಹಲ್ಲು ನೆಟ್ಟಳು. ಜನ ಬಿಡಿಸುವ ಮೊದಲೇ ನಿನ್ನ ಅವ್ವ ಅವನ ಕುತ್ತಿಗೆಪಟ್ಟಿ ಹಿಡಿದಿದ್ದಳು. ಬಲಗಾಲಿನ ಚಪ್ಪಲಿ ತೆಗೆದು ಬಾಯಿಗೆ ಬಾರಿಸಿದಳು. ಎರಡು, ಮೂರು, ನಾಲ್ಕು. ಸೆರಗು ಜಾರಿ, ಆಪರೇಷನ್ ಆದ ಕಡೆ ರವಿಕೆ ಚಪ್ಪಟೆಯಾಗಿ ಅಷ್ಟು ಜನಕ್ಕೂ ಕಾಣುತ್ತಿತ್ತು. ಅವಳು ಸೆರಗು ಎತ್ತಿಕೊಳ್ಳಲಿಲ್ಲ. ‘ನನ್ ಎದೆ ಕುಯ್ದಾಗ್ಲೂ ನಾನ್ ಹಿಂಗೆ ನಡುಗ್ಲಿಲ್ಲ ಕಣೋ’ ಎಂದಳು. ಅವನ ತುಟಿ ಹರಿದು ರಕ್ತ ಅವಳ ಕೈಗೆ ಸುರಿಯಿತು. ಯಜಮಾನರು ಯಾರನ್ನೂ ಅವಳ ಹತ್ತಿರ ಹೋಗಗೊಡಲಿಲ್ಲ.

ಇವತ್ತು ಬೆಳಿಗ್ಗೆ ಸುಮಾ ನನ್ನ ಮನೆಗೆ ಬಂದಳು. ಠಾಣೆಗೆ ಹೋಗಬೇಕು ಎಂದಳು. ಆಟೋದಲ್ಲಿ ಕುಳಿತಾಗ ದೂರನ್ನು ಹೇಗೆ ಬರೆಯಬೇಕು, ಮೊದಲು ಯಾವುದನ್ನು ಹೇಳಬೇಕು ಎಂದು ನನ್ನ ನಾಲಗೆಯ ತುದಿಗೆ ಬಂದಿತ್ತು. ನಿನ್ನ ಪತ್ರ ನೆನೆದು ತಡೆದುಕೊಂಡೆ. ಗೇಟಿನ ಬಳಿ ಇಳಿದು ಅಭ್ಯಾಸಬಲದಿಂದ ಅವಳಿಗಿಂತ ಮುಂದೆ ಹೆಜ್ಜೆಯಿಟ್ಟೆ. ಅವಳು ನನ್ನ ತೋಳು ಹಿಡಿದು ನಿಲ್ಲಿಸಿದಳು.

‘ನೀವು ಇಲ್ಲೇ ಇರಿ ಟೀಚರ್. ನಾನೇ ಹೇಳ್ತೀನಿ.’

ಒಳಗೆ ಹೋದಳು. ನಾನು ಬೇವಿನ ಮರದ ಕೆಳಗೆ ಎರಡು ಗಂಟೆ ನಿಂತೆ. ಕಿಟಕಿಯಿಂದ ಅವಳ ದನಿ ಬರುತ್ತಿತ್ತು, ಮಾತು ಬಿಡಿಬಿಡಿಯಾಗಿ ತಿಳಿಯುತ್ತಿರಲಿಲ್ಲ. ಒಮ್ಮೆ ಒಳಗಿದ್ದವರು ಗಟ್ಟಿಯಾಗಿ ಏನೋ ಕೇಳಿದರು. ಅವಳು ಅವರಿಗಿಂತ ಗಟ್ಟಿಯಾಗಿ ಉತ್ತರಿಸಿದಳು. ನನ್ನ ಕಾಲು ಎರಡು ಸಲ ಮೆಟ್ಟಿಲಿನ ಕಡೆ ಹೊರಟಿತು. ಎರಡು ಸಲವೂ ವಾಪಸು ಬಂದು ಮರದ ಕೆಳಗೇ ನಿಂತೆ.

ಕಮಲ